ಹದಿನೈದು ಕೆಜಿಯ ಸೂಟ್‌ಕೇಸ್: ಗೂಢಚಾರಿಣಿಯರು ಹೊತ್ತ ಬಿ2 ರೇಡಿಯೊ ಸೆಟ್ಟಿನ ವಿಮರ್ಶೆ

ಎರಡನೇ ಮಹಾಯುದ್ಧದ ಗೂಢಚಾರಿಣಿಯರ ಧೈರ್ಯದ ಮಾತು ಬಂದಾಗಲೆಲ್ಲ ಪ್ಯಾರಾಶೂಟು, ಪಿಸ್ತೂಲು, ಸುಳ್ಳು ಹೆಸರುಗಳ ಕಥೆ ಮುಂದೆ ಬರುತ್ತದೆ. ಅವರ ಕೈಯಲ್ಲಿದ್ದ ಸೂಟ್‌ಕೇಸನ್ನು ಬಿಚ್ಚಿ, ಒಳಗಿನ ಒಂದೊಂದು ಭಾಗ ಅವರಿಂದ ಏನು ಕೇಳುತ್ತಿತ್ತು ಎಂದು ನೋಡಿದವರು ಕಡಿಮೆ. ಆ ಸೂಟ್‌ಕೇಸಿನ ಅಧಿಕೃತ ಹೆಸರು ಟೈಪ್ 3 ಮಾರ್ಕ್ 2. ಬಳಸಿದವರ ಬಾಯಲ್ಲಿ ಅದು ಬಿ2. ಬ್ರಿಟನ್ನಿನ ಎಸ್‌ಒಇ ಎಂಬ ರಹಸ್ಯ ಸಂಸ್ಥೆಗಾಗಿ ಜಾನ್ ಬ್ರೌನ್ ಎಂಬ ಎಂಜಿನಿಯರ್ 1942ರ ಹೊತ್ತಿಗೆ ಇದನ್ನು ರೂಪಿಸಿದರು. ಎಸ್‌ಒಇಯ ಫ್ರೆಂಚ್ ವಿಭಾಗ ಜರ್ಮನ್ ಹಿಡಿತದಲ್ಲಿದ್ದ ಫ್ರಾನ್ಸಿಗೆ ಸುಮಾರು 40 ಮಹಿಳೆಯರನ್ನು ಕಳಿಸಿತು. ಕೆಲವರು ಸುದ್ದಿ ಸಾಗಿಸುವವರು, ಕೆಲವರು ವೈರ್‌ಲೆಸ್ ಆಪರೇಟರುಗಳು. ಎರಡನೆಯ ಗುಂಪಿನವರ ಬದುಕು ಇಂಥ ಸೂಟ್‌ಕೇಸ್ ಸೆಟ್ಟುಗಳಿಗೆ ಕಟ್ಟಿಬಿದ್ದಿತ್ತು.

ಮುಚ್ಚಳ ತೆರೆದರೆ ನಾಲ್ಕು ಭಾಗ ಕಾಣುತ್ತವೆ: ರಿಸೀವರ್, ಟ್ರಾನ್ಸ್‌ಮಿಟರ್, ವಿದ್ಯುತ್ ಪೂರೈಸುವ ಘಟಕ, ಬಿಡಿಭಾಗಗಳ ಡಬ್ಬ. ಡಬ್ಬದಲ್ಲಿ ಹೆಡ್‌ಫೋನು, ಸಂಕೇತ ಬಡಿಯುವ ಮೋರ್ಸ್ ಕೀ, ಏರಿಯಲ್ ತಂತಿ, ಫ್ಯೂಸು, ಹೆಚ್ಚುವರಿ ವಾಲ್ವುಗಳು (ಆ ಕಾಲದ ರೇಡಿಯೊ ನಡೆಸುತ್ತಿದ್ದ ಗಾಜಿನ ಕೊಳವೆಗಳು). ಯಾವುದನ್ನೂ ಅಲಂಕಾರಕ್ಕೆ ಇಟ್ಟಿಲ್ಲ. ಭಾಗಗಳು ಬೇರೆ ಬೇರೆಯಾಗಿರುವುದು ಒಳ್ಳೆಯ ಯೋಚನೆ. ಟ್ರಾನ್ಸ್‌ಮಿಟರ್ ಒಂದು ಮನೆಯ ಅಟ್ಟದಲ್ಲಿ, ವಿದ್ಯುತ್ ಘಟಕ ಇನ್ನೊಂದು ಮನೆಯ ಸೌದೆ ರಾಶಿಯಲ್ಲಿ ಅಡಗಿದರೆ, ಒಂದು ಸಿಕ್ಕಿದರೂ ಇನ್ನೊಂದು ಉಳಿಯುತ್ತದೆ.

ತೂಕದ ವಿಷಯದಲ್ಲಿ ಮಾತ್ರ ಈ ಸೆಟ್ಟನ್ನು ಹೊಗಳಲಾಗದು. ಎಲ್ಲ ಸೇರಿ ಸುಮಾರು 15 ಕೆಜಿ. ಆ ಕಾಲದ ರೇಡಿಯೊಗಳ ನಡುವೆ ಇದು ಹಗುರವೇ. ಆದರೆ ರೈಲ್ವೆ ನಿಲ್ದಾಣದಲ್ಲಿ ಪೊಲೀಸರ ಮುಂದೆ ನಡೆದುಹೋಗಬೇಕಾದ ಹೆಂಗಸಿಗೆ ಈ ಹೋಲಿಕೆಯಿಂದ ಏನೂ ಸಿಗುವುದಿಲ್ಲ. ಬಟ್ಟೆ ತುಂಬಿದ ಸೂಟ್‌ಕೇಸ್ ಹಿಡಿದವರ ಭುಜ ಅಷ್ಟು ವಾಲುವುದಿಲ್ಲ, ಅವರು ಹತ್ತು ಹೆಜ್ಜೆಗೊಮ್ಮೆ ಕೈ ಬದಲಿಸುವುದೂ ಇಲ್ಲ. ಹಾಗಾಗಿ ಭಾರವನ್ನು ಹೊರುವುದಕ್ಕಿಂತ ಅದು ಹಗುರವಾಗಿದೆ ಎಂಬಂತೆ ಹೊರುವುದು ಕಷ್ಟ. ವರ್ಜೀನಿಯಾ ಹಾಲ್ 1933ರಲ್ಲಿ ಬೇಟೆಯ ಅಪಘಾತವೊಂದರಲ್ಲಿ ಎಡಗಾಲನ್ನು ಮಂಡಿಯ ಕೆಳಗೆ ಕಳೆದುಕೊಂಡವರು. 1944ರಲ್ಲಿ ಅಮೆರಿಕದ ಗೂಢಚಾರ ಸಂಸ್ಥೆ ಓಎಸ್ಎಸ್ ಪರವಾಗಿ ಎರಡನೇ ಸಲ ಫ್ರಾನ್ಸಿಗೆ ಇಳಿದದ್ದು ವೈರ್‌ಲೆಸ್ ಕೆಲಸಕ್ಕೇ. ಮರದ ಕಾಲು, ಜೊತೆಗೆ ಇಂಥದೇ ಸೂಟ್‌ಕೇಸ್ ರೇಡಿಯೊ.

ಪೆಟ್ಟಿಗೆಯ ಜೊತೆ ಒಂದು ಸುಳ್ಳನ್ನೂ ಸಿದ್ಧವಾಗಿ ಇಟ್ಟುಕೊಳ್ಳಬೇಕಿತ್ತು. ಬೀಗ ತೆಗೆ ಎಂದರೆ ಒಳಗಿನ ಗುಂಡಿ, ಡಯಲು, ತಂತಿಗಳನ್ನು ಮರೆಮಾಡಲು ಏನೂ ಇಲ್ಲ, ಅವಕ್ಕೊಂದು ಹೆಸರು ಕೊಡಬೇಕು ಅಷ್ಟೇ. ತಪಾಸಣೆಯಲ್ಲಿ ಸಿಕ್ಕ ಇವಾನ್ ಕಾರ್ಮೊ ಜಿಲ್ಲಾ ನರ್ಸ್ ವೇಷದಲ್ಲಿದ್ದರು. ಅದು ಎಕ್ಸ್‌ರೇ ಉಪಕರಣ ಎಂದರು, ಸೈನಿಕರು ಬಿಟ್ಟರು. ನೂರ್ ಇನಾಯತ್ ಖಾನ್ ಅದನ್ನು ಸಿನೆಮಾ ಪ್ರೊಜೆಕ್ಟರ್ ಎಂದು ನಂಬಿಸಿದರೆಂದು ಅವರ ಜೀವನಕಥೆಯಲ್ಲಿ ಹೇಳುತ್ತಾರೆ. ಈ ಉತ್ತರಗಳ ಜಾಣ್ಮೆ ಗಮನಿಸಬೇಕು. ಎರಡೂ ವಸ್ತುಗಳಿಗೆ ತಂತಿ ಇರುತ್ತದೆ, ಭಾರ ಇರುತ್ತದೆ, ಸಾಮಾನ್ಯ ಸೈನಿಕ ಅವನ್ನು ಹತ್ತಿರದಿಂದ ನೋಡಿರುವ ಸಂಭವ ಕಡಿಮೆ.

ಇನ್ನು ವಿದ್ಯುತ್ತು. ಬಿ2ರ ಅತ್ಯಂತ ಯೋಚಿಸಿ ಮಾಡಿದ ಭಾಗ ಇದೇ. ಮನೆಯ ಎಸಿ ಕರೆಂಟು 110 ವೋಲ್ಟ್ ಆಸುಪಾಸಿನದಾಗಿರಲಿ, 220ರ ಆಸುಪಾಸಿನದಾಗಿರಲಿ, ನಡೆಯುತ್ತದೆ. ಕರೆಂಟೇ ಇಲ್ಲದಿದ್ದರೆ 6 ವೋಲ್ಟಿನ ಕಾರ್ ಬ್ಯಾಟರಿ ಸಾಕು. ಬ್ಯಾಟರಿಯ ಡಿಸಿಯನ್ನು ವೈಬ್ರೇಟರ್ ಎಂಬ ಕಂಪಿಸುವ ಸ್ವಿಚ್ಚು ಕಡಿದು ಕಡಿದು ಟ್ರಾನ್ಸ್‌ಫಾರ್ಮರಿಗೆ ಕೊಡುತ್ತದೆ. ಕೆಡುವುದು ಮೂರು ಕಡೆ. ಮೊದಲನೆಯದು ವೋಲ್ಟೇಜ್ ಆಯ್ಕೆ. 110ಕ್ಕೆ ಇಟ್ಟು 220ರ ಗೋಡೆಗೆ ಸಿಕ್ಕಿಸಿದರೆ ಅದೃಷ್ಟವಿದ್ದರೆ ಫ್ಯೂಸು ಹೋಗುತ್ತದೆ, ಇಲ್ಲದಿದ್ದರೆ ಟ್ರಾನ್ಸ್‌ಫಾರ್ಮರೇ ಸುಡುತ್ತದೆ. ರಾತ್ರಿ ಕತ್ತಲಲ್ಲಿ, ಗುರುತಿಲ್ಲದ ಮನೆಯಲ್ಲಿ ಈ ತಪ್ಪು ಬಹಳ ಸುಲಭ. ಅದಕ್ಕೇ ಮೊದಲು ಆ ಮನೆಯ ಬಲ್ಬಿನ ಮೇಲೆ ಬರೆದ ವೋಲ್ಟೇಜ್ ಓದಬೇಕು, ಆಮೇಲೆ ಪ್ಲಗ್ಗಿಗೆ ಕೈ ಹಾಕಬೇಕು. ಎರಡನೆಯದು ಡಿಸಿ ಸರಬರಾಜಿನ ಮನೆ. ಟ್ರಾನ್ಸ್‌ಫಾರ್ಮರ್ ಡಿಸಿಯಲ್ಲಿ ಕೆಲಸ ಮಾಡುವುದಿಲ್ಲ, ಬಿಸಿಯಾಗಿ ಹಾಳಾಗುತ್ತದೆ. ಮೂರನೆಯದು ವೈಬ್ರೇಟರಿನ ಸಂಪರ್ಕ ಬಿಂದುಗಳು. ಅವು ಸುಟ್ಟು ಅಂಟಿಕೊಂಡರೆ ಬ್ಯಾಟರಿ ತುಂಬಿದ್ದರೂ ಪ್ರಯೋಜನವಿಲ್ಲ. ಸರಿ ಇದ್ದಾಗಲೂ ವೈಬ್ರೇಟರ್ ಗುಂಯ್ ಎನ್ನುತ್ತಲೇ ಇರುತ್ತದೆ. ಪಕ್ಕದ ಕೋಣೆಯಲ್ಲಿ ನಂಬಿಕೆಗೆ ಅರ್ಹರಲ್ಲದವರು ಮಲಗಿದ್ದರೆ ಈ ಸದ್ದೂ ಅಪಾಯ.

ಇಷ್ಟಾದರೂ ಬ್ಯಾಟರಿಯನ್ನೇ ಬಳಸಿ ಎಂಬ ಸಲಹೆಗೆ ಕಾರಣವಿದೆ. ಜರ್ಮನ್ ಪತ್ತೆದಾರರು ಅನುಮಾನ ಬಂದ ಬಡಾವಣೆಯ ಕರೆಂಟನ್ನು ಭಾಗ ಭಾಗವಾಗಿ ಆರಿಸುತ್ತಿದ್ದರು. ಯಾವ ಭಾಗ ಆರಿಸಿದಾಗ ಸಂಕೇತ ನಿಲ್ಲುತ್ತದೋ ಆಪರೇಟರ್ ಅಲ್ಲೇ ಇದ್ದಾಳೆ. ಬ್ಯಾಟರಿಯ ಮೇಲೆ ಕೂತವಳಿಗೆ ಈ ಬಲೆ ತಾಗುವುದಿಲ್ಲ. ಆದರೆ ಕಾರ್ ಬ್ಯಾಟರಿ ಎಂದರೆ 15 ಕೆಜಿಯ ಮೇಲೆ ಇನ್ನೊಂದು ಹೊರೆ, ಮೇಲೆ ಅದನ್ನು ಚಾರ್ಜ್ ಮಾಡಿಸುವ ಗ್ಯಾರೇಜಿನವನನ್ನೂ ನಂಬಬೇಕು.

ರಿಸೀವರ್ ಬಗ್ಗೆ ದೂರಿಲ್ಲ. ನಾಲ್ಕು ವಾಲ್ವಿನ ಸೂಪರ್‌ಹೆಟ್ (ಬಂದ ಸಂಕೇತವನ್ನು ಒಂದೇ ಗೊತ್ತಾದ ಆವರ್ತನಕ್ಕೆ ಬದಲಿಸಿ ಕೇಳಿಸುವ ಬಗೆ), 3ರಿಂದ 15 ಮೆಗಾಹರ್ಟ್ಸ್ ದಾಟಿ ಕೇಳುತ್ತದೆ. ಅದರ ವಾಲ್ವುಗಳು ಬುಡದಲ್ಲಿ ಬಿಗಿಯಾಗಿ ಕಚ್ಚಿಕೊಳ್ಳುವ ಲಾಕ್ಟಲ್ ಜಾತಿಯವು. ಕುಲುಕಾಟಕ್ಕೆ ಕಳಚುವುದಿಲ್ಲ. ಅಮೆರಿಕನ್ ಮಾದರಿಯವಾದ್ದರಿಂದ ಹೆಚ್ಚುವರಿ ವಾಲ್ವು ಮುಗಿದ ಮೇಲೆ ಲಂಡನ್ನಿನಿಂದಲೇ ಬರಬೇಕು.

ಟ್ರಾನ್ಸ್‌ಮಿಟರಿನಲ್ಲಿ ಎರಡೇ ವಾಲ್ವು. ಇಎಲ್32 ಆವರ್ತನ ಗೊತ್ತುಮಾಡುವ ಕ್ರಿಸ್ಟಲಿನ ಆಂದೋಲನ ನಡೆಸುತ್ತದೆ, 6ಎಲ್6 ಅದನ್ನು ಸುಮಾರು 20 ವ್ಯಾಟಿಗೆ ಏರಿಸುತ್ತದೆ. ಇಷ್ಟರಲ್ಲೇ ಇಂಗ್ಲೆಂಡ್ ಮುಟ್ಟಬಹುದು. ಬಳಸುವ ಕ್ರಮ ಹೀಗೆ. ಆ ಹೊತ್ತಿನ ಆವರ್ತನಕ್ಕೆ ಗೊತ್ತುಮಾಡಿದ ಕ್ರಿಸ್ಟಲ್ ಸಿಕ್ಕಿಸಬೇಕು. ಅದಕ್ಕೆ ಹೊಂದುವ ಕಾಯಿಲ್, ಅಂದರೆ ತಂತಿಯ ಸುರುಳಿ, ಹಾಕಬೇಕು. ವಾಲ್ವುಗಳು ಕಾಯಲು ಅರ್ಧ ನಿಮಿಷ ಬಿಡಬೇಕು. ಕೀ ಒತ್ತಿ ಹಿಡಿದು, ಮೀಟರಿನ ಮುಳ್ಳು ಥಟ್ಟನೆ ಕೆಳಗಿಳಿಯುವ ಜಾಗ ಸಿಗುವವರೆಗೆ ಗುಂಡಿ ತಿರುಗಿಸಬೇಕು. ಆಮೇಲೆ ಏರಿಯಲ್ ಹೊಂದಿಸುವ ಗುಂಡಿಯಿಂದ ಮುಳ್ಳನ್ನು ಮತ್ತೆ ಮೇಲೆತ್ತಿ, ಮೊದಲಿನ ಗುಂಡಿಯನ್ನು ಇನ್ನೊಮ್ಮೆ ಸರಿಮಾಡಬೇಕು. ಪಳಗಿದ ಕೈಗೆ ಒಂದು ನಿಮಿಷ. ಆದರೆ ಈ ಒಂದು ನಿಮಿಷವೂ ಸೆಟ್ಟು ಗಾಳಿಯಲ್ಲಿ ಕೂಗುತ್ತಲೇ ಇರುತ್ತದೆ. ಸಂದೇಶದ ಒಂದು ಅಕ್ಷರ ಹೋಗುವ ಮೊದಲೇ ಶತ್ರುವಿಗೆ ಒಂದು ನಿಮಿಷ ಕೊಟ್ಟಾಗಿರುತ್ತದೆ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಕಾಯಿಲ್ ಮತ್ತು ಕ್ರಿಸ್ಟಲ್ ಹೊಂದದಿರುವುದು. ಮುಳ್ಳು ಎಲ್ಲೋ ಒಂದು ಕಡೆ ಇಳಿಯುತ್ತದೆ, ಎಲ್ಲ ಸರಿ ಎನಿಸುತ್ತದೆ, ಆದರೆ ಹೊರಟದ್ದು ಎರಡರಷ್ಟು ಆವರ್ತನ. ಲಂಡನ್ ಕೇಳುವ ಜಾಗದಲ್ಲಿ ಏನೂ ಇಲ್ಲ. ಆಪರೇಟರ್ ಕರೆಯುತ್ತಲೇ ಇರುತ್ತಾಳೆ. ಕ್ರಿಸ್ಟಲ್ ಎಂದರೆ ತೆಳ್ಳಗಿನ ಸ್ಫಟಿಕದ ಬಿಲ್ಲೆ. ಕಲ್ಲಿನ ನೆಲಕ್ಕೆ ಬಿದ್ದು ಬಿರುಕು ಬಿಟ್ಟರೆ ಆ ಆವರ್ತನ ಮುಗಿಯಿತು. ಹಗಲಿಗೊಂದು ರಾತ್ರಿಗೊಂದು ಬೇಕು, ಏಕೆಂದರೆ ರಾತ್ರಿ ಅಯಾನುಗೋಳ (ರೇಡಿಯೊ ಅಲೆಯನ್ನು ನೆಲಕ್ಕೆ ಮರಳಿಸುವ ಎತ್ತರದ ವಾಯುಪದರ) ತೆಳುವಾಗಿ, ಮೇಲಿನ ಆವರ್ತನಗಳು ಹತ್ತಿರದ ಇಂಗ್ಲೆಂಡಿಗೆ ಮರಳಿ ಇಳಿಯದೆ ಆಚೆ ಹಾರಿಹೋಗುತ್ತವೆ.

ಏರಿಯಲ್ ಸುಮಾರು 20 ಮೀಟರ್ ತಂತಿ. ಈ ಪೆಟ್ಟಿಗೆಯಲ್ಲಿ ಅಡಗಿಸಲು ಅತಿ ಕಷ್ಟವಾದ ವಸ್ತು ಇದು. ಕೋಣೆಯೊಳಗೆ ಸುತ್ತಿ ಹರಡಿದರೆ ಶಕ್ತಿಯೆಲ್ಲ ಗೋಡೆಗೆ ಹೋಗುತ್ತದೆ, ಲಂಡನ್ ‘ಮತ್ತೆ ಹೇಳಿ’ ಎನ್ನುತ್ತದೆ. ಮತ್ತೆ ಹೇಳಿದರೆ ಸಮಯ ಇಮ್ಮಡಿ. ಹೊರಗೆ ಮರಕ್ಕೆ ಕಟ್ಟಿದರೆ ಸಂಕೇತ ಚೆನ್ನಾಗಿ ಹೋಗುತ್ತದೆ, ಆದರೆ ಬೀದಿಯವರಿಗೆಲ್ಲ ಕಾಣುತ್ತದೆ. ಬಟ್ಟೆ ಒಣಗಿಸುವ ಹಗ್ಗದಂತೆ ಕಟ್ಟುವುದು ಎರಡರ ನಡುವಿನ ದಾರಿ. ಎತ್ತರಕ್ಕಿಂತ ಬೇಗ ಬಿಚ್ಚಲು ಬರುವುದು ಮುಖ್ಯ: ಒಂದು ತುದಿಯನ್ನು ಎಳೆದರೆ ಬಿಡುವ ಗಂಟು, ಇನ್ನೊಂದು ತುದಿ ಕಿಟಕಿಯೊಳಗೆ.

ಈಗ ಇಡೀ ವಿಮರ್ಶೆಯ ತಿರುಳಿಗೆ ಬರೋಣ. ಒಂದು ಸಂದೇಶ 300 ಅಕ್ಷರ ಎಂದುಕೊಳ್ಳಿ. ಐದೈದು ಅಕ್ಷರದ 60 ಗುಂಪು. ನಿಮಿಷಕ್ಕೆ 18 ಪದದ ವೇಗದಲ್ಲಿ ಮೂರೂವರೆ ನಿಮಿಷದೊಳಗೆ ಮುಗಿಯಬೇಕು. ಆದರೆ ಚಳಿಗೆ ಮರಗಟ್ಟಿದ ಬೆರಳು, ಗೊರಗೊರ ಸದ್ದು, ಕರೆ, ಮರುಕರೆ, ತಪ್ಪಿದ ಗುಂಪುಗಳ ಪುನರುಕ್ತಿ ಸೇರಿದರೆ ಹತ್ತು ನಿಮಿಷ ಏನೂ ಅಲ್ಲ. ಎರಡು ಸಂದೇಶ ಇದ್ದರೆ ಇಪ್ಪತ್ತು. ಶತ್ರುವಿನ ಗಡಿಯಾರ ಹೀಗೆ ಓಡುತ್ತದೆ: ದೂರದ ದೊಡ್ಡ ಕೇಂದ್ರಗಳು ಆಕಾಶದಿಂದ ಮರಳುವ ಅಲೆಯನ್ನು ಹಿಡಿದು, ದಿಕ್ಕುಗಳನ್ನು ನಕ್ಷೆಯ ಮೇಲೆ ಗೀಟೆಳೆದು, ಕೆಲವು ಕಿಲೋಮೀಟರಿನ ತ್ರಿಕೋನಕ್ಕೆ ಇಳಿಸುತ್ತವೆ. ಅಲ್ಲಿಂದ ಮುಂದಿನದು ಮುಚ್ಚಿದ ವ್ಯಾನುಗಳ ಕೆಲಸ. ನೆಲ ಹಿಡಿದು ಹರಿಯುವ ಅಲೆಯನ್ನು ಅವು ಕೇಳುತ್ತಾ ಬೀದಿಯನ್ನು ಗುರುತಿಸುತ್ತವೆ. ಕೊನೆಗೆ ಕೋಟಿನೊಳಗೆ ರಿಸೀವರ್ ಕಟ್ಟಿಕೊಂಡ ಮನುಷ್ಯ ಮೆಟ್ಟಿಲು ಹತ್ತುತ್ತಾನೆ. 1943ರಲ್ಲಿ ದೊಡ್ಡ ಊರಿನಲ್ಲಿ ಇದಕ್ಕೆಲ್ಲ ಅರ್ಧ ಗಂಟೆ ಸಾಕಾಗುತ್ತಿತ್ತು. ಆದ್ದರಿಂದಲೇ 20 ನಿಮಿಷಕ್ಕಿಂತ ಹೆಚ್ಚು ಕೂರಬೇಡಿ, ಜಾಗ ಬದಲಿಸಿ, ಹೊತ್ತು ಬದಲಿಸಿ, ಕಿಟಕಿಯಲ್ಲಿ ಕಾವಲಿಗೆ ಒಬ್ಬರಿರಲಿ ಎಂಬ ನಿಯಮಗಳು. ಆಪರೇಟರಿನ ಆಯುಸ್ಸು ಸರಾಸರಿ ಆರು ವಾರ ಎಂಬ ಲೆಕ್ಕ ಆಗ ಚಾಲ್ತಿಯಲ್ಲಿತ್ತು. ಹೊರಡುವವರಿಗೆ ಅದು ಗೊತ್ತಿತ್ತು.

ಹೆಡ್‌ಫೋನ್ ಹಾಕಿದ ಕಿವಿಗೆ ಮೆಟ್ಟಿಲ ಸದ್ದು ಕೇಳುವುದಿಲ್ಲ ಎಂಬುದನ್ನು ಇಲ್ಲಿ ಸೇರಿಸಬೇಕು. ಒಂದು ಕೈ ಕೀ ಮೇಲೆ, ಇನ್ನೊಂದು ಪೆನ್ಸಿಲಿನ ಮೇಲೆ, ಕಣ್ಣು ಕಾಗದದ ಮೇಲೆ. ಓಡಲು, ಹೊಡೆಯಲು, ಅಡಗಲು ಯಾವುದಕ್ಕೂ ಸಿದ್ಧವಲ್ಲದ ಭಂಗಿ. ಈ ಸೆಟ್ಟು ಬೇಡುವ ಧೈರ್ಯ ಹೀಗೆ ಕೂತೇ ಇರುವ ಧೈರ್ಯ. ವಾರಕ್ಕೆ ಹಲವು ಸಲ, ಕೈ ನಡುಗದಂತೆ.

ಯೋಲಾಂಡ್ ಬೀಕ್‌ಮನ್ ಸೇಂಟ್ ಕ್ವೆಂಟಿನ್‌ನಲ್ಲಿ ವಾರದ ಅದೇ ಮೂರು ದಿನ, ಅದೇ ಹೊತ್ತಿಗೆ, ಅದೇ ಜಾಗದಿಂದ ಕಳಿಸಬೇಕಾಗಿ ಬಂತು. 1944ರ ಜನವರಿಯಲ್ಲಿ ಸಿಕ್ಕಿಬಿದ್ದರು. ಇದನ್ನು ಅವರ ಅಜಾಗರೂಕತೆ ಎನ್ನುವುದು ಅನ್ಯಾಯ. ಲಂಡನ್ನಿನ ಆಪರೇಟರ್ ಯಾವಾಗ ಕಿವಿಗೊಡಬೇಕೆಂಬ ವೇಳಾಪಟ್ಟಿಗೆ ಅವರು ಬದ್ಧರಾಗಿದ್ದರು, ಸುರಕ್ಷಿತ ಮನೆಗಳು ಕೇಳಿದಷ್ಟು ಸಿಗುವಂಥವಲ್ಲ. ಇದಕ್ಕೆ ವಿರುದ್ಧ ಉದಾಹರಣೆ ಮತ್ತೆ ಇವಾನ್ ಕಾರ್ಮೊ. ಗ್ಯಾಸ್ಕನಿಯ ಒಂದು ಹಳ್ಳಿಯ ಮನೆಯಲ್ಲಿ ಆರು ತಿಂಗಳು ನಿಂತು ಕಳಿಸಿ ನಿಯಮ ಮುರಿದರು. ಸುತ್ತ ಬಯಲು, ಮೈಲುಗಟ್ಟಲೆ ದೂರದಿಂದ ಬರುವ ವಾಹನ ಕಾಣುತ್ತಿತ್ತು. ನಲ್ಲಿ ನೀರೂ ಇಲ್ಲದ ಆ ಹಳ್ಳಿಯಲ್ಲಿ ಇಂಗ್ಲಿಷ್ ಹೆಂಗಸು ಇರಲಾರಳೆಂದು ಜರ್ಮನರು ಎಣಿಸಿದರು. 1943ರ ಆಗಸ್ಟಿನಿಂದ 13 ತಿಂಗಳಲ್ಲಿ 400ಕ್ಕೂ ಹೆಚ್ಚು ಸಂದೇಶ ಕಳಿಸಿ ಉಳಿದರು. ನಾರ್ಮಂಡಿಯಲ್ಲಿ ಫಿಲ್ಲಿಸ್ ಲಟೂರ್ ಹಿಡಿದದ್ದು ಮೂರನೇ ದಾರಿ. 1944ರ ಮೇ 1ರಂದು ಇಳಿದು, ಸೋಪು ಮಾರುವ ಹುಡುಗಿಯಂತೆ ಸೈಕಲ್ ತುಳಿದರು, ಸೆಟ್ಟುಗಳನ್ನು ಬೇರೆ ಬೇರೆ ಕಡೆ ಅಡಗಿಸಿಟ್ಟರು, ಹೊರದೆ ಅವುಗಳ ಬಳಿಗೇ ಹೋದರು. ಒಟ್ಟು 135 ಸಂದೇಶ. ಹಲವು ಸೆಟ್ಟು ಇದ್ದರೆ ಇದೇ ಅತ್ಯುತ್ತಮ ಬಳಕೆ ಎಂಬುದು ಈ ವಿಮರ್ಶೆಯ ಅಭಿಪ್ರಾಯ.

ಪೆಟ್ಟಿಗೆಯಲ್ಲಿಲ್ಲದ, ಆದರೆ ಇಲ್ಲದಿದ್ದರೆ ಪೆಟ್ಟಿಗೆಯೇ ವ್ಯರ್ಥವಾಗುವ ವಸ್ತು ಸಂಕೇತದ ಕೀಲಿ. ಮೊದಮೊದಲು ಅದು ಒಂದು ಪದ್ಯ. ಬಾಯಿಪಾಠ ಮಾಡಿದ ಪದ್ಯದಿಂದ ಐದು ಪದ ಆರಿಸಿ, ಅವುಗಳ ಅಕ್ಷರಗಳಿಗೆ ಅಕ್ಷರಮಾಲೆಯ ಕ್ರಮದಲ್ಲಿ ಸಂಖ್ಯೆ ಕೊಟ್ಟು, ಅದರ ಕೆಳಗೆ ಸಂದೇಶವನ್ನು ಸಾಲಾಗಿ ಬರೆದು, ಸಂಖ್ಯೆಯ ಕ್ರಮದಲ್ಲಿ ಕಂಬಸಾಲುಗಳನ್ನು ಓದಬೇಕು. ಸಿಕ್ಕಿದ್ದನ್ನು ಇನ್ನೊಂದು ಸಲ ಹಾಗೇ ಕದಡಬೇಕು. ಒಂದು ಸಂಖ್ಯೆ ತಪ್ಪಿದರೂ ಇಡೀ ಸಂದೇಶ ಗೋಜಲು. ‘ಓದಲಾಗಲಿಲ್ಲ, ಮತ್ತೆ ಕಳಿಸಿ’ ಎಂದು ಹೇಳುವುದೆಂದರೆ ಆಪರೇಟರನ್ನು ಮತ್ತೆ ವ್ಯಾನುಗಳ ಮುಂದೆ ಕೂರಿಸುವುದು. ಸಂಕೇತ ವಿಭಾಗದ ಲಿಯೊ ಮಾರ್ಕ್ಸ್ ಇದನ್ನು ಒಪ್ಪಲಿಲ್ಲ. ಫ್ಯಾನಿ ಎಂಬ ಸೇವಾದಳದ ಯುವತಿಯರು ಸಂಭವನೀಯ ತಪ್ಪುಗಳನ್ನು ಒಂದೊಂದಾಗಿ ಪ್ರಯತ್ನಿಸಿ ಅಂಥ ಸಂದೇಶಗಳನ್ನು ಬಿಡಿಸುತ್ತಿದ್ದರು. ಫ್ರಾನ್ಸಿನ ಅಟ್ಟದಲ್ಲಿ ಕೂತವಳ ಜೀವವನ್ನು ಇಂಗ್ಲೆಂಡಿನ ಮೇಜಿನ ಮುಂದೆ ಕೂತವಳು ಕಾಯುತ್ತಿದ್ದಳು. ಈ ಯುವತಿಯರ ಹೆಸರು ಯಾವ ಸ್ಮಾರಕದ ಮುಂದೂ ಅಷ್ಟಾಗಿ ಕೇಳಿಬರುವುದಿಲ್ಲ.

ಪದ್ಯದ ಇನ್ನೂ ದೊಡ್ಡ ದೋಷ, ಅದು ತಲೆಯಲ್ಲಿರುತ್ತದೆ. ಚಿತ್ರಹಿಂಸೆ ಕೊಟ್ಟು ಅದನ್ನು ಹೊರತೆಗೆಯಬಹುದು. ಮಾರ್ಕ್ಸ್ ತಂದ ಪರಿಹಾರ ರೇಷ್ಮೆಯ ಮೇಲೆ ಮುದ್ರಿಸಿದ, ಮೊದಲೇ ಲೆಕ್ಕಹಾಕಿದ ಕೀಲಿಗಳು. ಬಳಸಿದ ಸಾಲನ್ನು ಕತ್ತರಿಸಿ ಸುಡಬೇಕು. ನೆನಪಿನಲ್ಲಿ ಇಲ್ಲದ್ದನ್ನು ಯಾರೂ ಬಾಯಿಬಿಡಿಸಲಾರರು. ರೇಷ್ಮೆಯೇ ಏಕೆಂದರೆ ತಡಕಿದಾಗ ಕಾಗದದಂತೆ ಸರಪರ ಎನ್ನುವುದಿಲ್ಲ, ಬಟ್ಟೆಯ ಒಳಪದರಿನಲ್ಲಿ ಗಂಟಾಗುವುದಿಲ್ಲ. ಲಟೂರ್ ತಮ್ಮ ರೇಷ್ಮೆಯನ್ನು ಕೂದಲು ಕಟ್ಟುವ ಲಾಡಿಯೊಳಗೆ ಇಟ್ಟಿದ್ದರು. ಬಳಸಿದ ಸಂಕೇತಕ್ಕೆ ಸೂಜಿಯಿಂದ ಚುಚ್ಚಿ ಗುರುತು ಮಾಡುತ್ತಿದ್ದರು. ಇಡೀ ಸಲಕರಣೆಯಲ್ಲಿ ಐದಕ್ಕೆ ಐದು ಅಂಕ ಕೊಡಬಹುದಾದದ್ದು ಈ ರೇಷ್ಮೆಗೆ ಮಾತ್ರ.

ಅತಿ ಕಡಿಮೆ ಅಂಕ ಭದ್ರತಾ ಗುರುತಿಗೆ. ಪ್ರತಿ ಸಂದೇಶದಲ್ಲೂ ಆಪರೇಟರ್ ಎರಡು ಗುರುತು ಸೇರಿಸಬೇಕು, ಉದಾಹರಣೆಗೆ ಇಂತಿಷ್ಟನೇ ಅಕ್ಷರವನ್ನು ಬೇಕೆಂದೇ ತಪ್ಪಾಗಿ ಬರೆಯುವುದು. ಒಂದು ಗುರುತನ್ನು ಶತ್ರುವಿಗೆ ಹೇಳಿಬಿಡಬಹುದು, ಇನ್ನೊಂದು ನಿಜವಾದದ್ದು. ನಿಜವಾದದ್ದು ಇಲ್ಲದಿದ್ದರೆ ‘ನಾನು ಸೆರೆಯಲ್ಲಿದ್ದೇನೆ’ ಎಂದರ್ಥ. ಏರ್ಪಾಡು ಚೆನ್ನಾಗಿದೆ, ಕೆಟ್ಟದ್ದು ಲಂಡನ್ನಿನ ಮೇಜಿನ ಮೇಲೆ. 1943ರಲ್ಲಿ ಪ್ಯಾರಿಸ್ಸಿನ ಪ್ರಾಸ್ಪರ್ ಜಾಲದ ಆಪರೇಟರ್ ಗಿಲ್ಬರ್ಟ್ ನಾರ್ಮನ್ ಸೆರೆಯಾದ ಮೇಲೆ ಅವರ ಸೆಟ್ಟಿನಿಂದ ನಿಜದ ಗುರುತಿಲ್ಲದ ಸಂದೇಶ ಬಂದಾಗ, ಗುರುತು ಮರೆತಿದ್ದೀರಿ ಎಂದು ಲಂಡನ್ನೇ ಮರುಸಂದೇಶ ಕಳಿಸಿತು. ಇದನ್ನು ಓದಿದಾಗ ಇಂದಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನೂರ್ ಇನಾಯತ್ ಖಾನ್ ಇಳಿದದ್ದು ಆ ಜಾಲ ಕುಸಿಯುವ ಹೊತ್ತಿಗೇ. ಮೈಸೂರಿನ ಟಿಪ್ಪು ಸುಲ್ತಾನನ ವಂಶದ ಹೆಣ್ಣುಮಗಳು, ಎಸ್‌ಒಇ ಫ್ರಾನ್ಸಿಗೆ ಕಳಿಸಿದ ಮೊದಲ ಮಹಿಳಾ ವೈರ್‌ಲೆಸ್ ಆಪರೇಟರ್. 1943ರ ಜೂನ್ 16ರ ರಾತ್ರಿ ಲೈಸಾಂಡರ್ ವಿಮಾನದಲ್ಲಿ ಬಂದರು. ಒಂದು ವಾರದಲ್ಲಿ ಸುತ್ತಲಿನವರು ಸೆರೆಯಾಗತೊಡಗಿದರು. ಮರಳಿ ಬಾ ಎಂದು ಲಂಡನ್ ಕರೆದರೂ, ಪ್ಯಾರಿಸ್ಸಿನಲ್ಲಿ ಬೇರೆ ಆಪರೇಟರ್ ಉಳಿದಿಲ್ಲವೆಂದು ಒಪ್ಪಲಿಲ್ಲ. ಅಕ್ಟೋಬರ್ ಮಧ್ಯದವರೆಗೆ ಮನೆಯಿಂದ ಮನೆಗೆ ಸೆಟ್ಟು ಸಾಗಿಸಿದರು. ಆರು ವಾರದ ಲೆಕ್ಕವನ್ನು ಎರಡು ಪಟ್ಟಿಗಿಂತ ಹೆಚ್ಚು ದಾಟಿದರು. ಸೆರೆಯಾದಾಗ ಸೆಟ್ಟಿನ ಜೊತೆ, ಕಳಿಸಿದ ಸಂದೇಶಗಳನ್ನು ಬರೆದಿಟ್ಟ ನೋಟ್‌ಬುಕ್ಕೂ ಸಿಕ್ಕಿತು. ಅವರ ಬಾಯಿಂದ ಏನೂ ಹೊರಡಲಿಲ್ಲವೆಂದು ವಿಚಾರಣೆ ನಡೆಸಿದ ಜರ್ಮನ್ ಅಧಿಕಾರಿಯೇ ಯುದ್ಧದ ನಂತರ ಹೇಳಿದ. ಆದರೆ ನೋಟ್‌ಬುಕ್ಕಿನಿಂದ ಜರ್ಮನರು ಅವರ ಹೆಸರಿನಲ್ಲಿ ಲಂಡನ್ನಿಗೆ ಸಂದೇಶ ಕಳಿಸುತ್ತಾ ಹೋದರು. ಆ ಮೋಸವನ್ನು ನಂಬಿ 1944ರ ಫೆಬ್ರವರಿ ಕೊನೆಗೆ ಪ್ಯಾರಾಶೂಟಿನಲ್ಲಿ ಇಳಿಸಿದವರಲ್ಲಿ ಮದಲೆನ್ ದಮೆರ್ಮಾ ಒಬ್ಬರು. ನೆಲದ ಮೇಲೆ ಜರ್ಮನ್ ರಹಸ್ಯ ಪೊಲೀಸ್ ದಳ ಗೆಸ್ಟಾಪೊ ಕಾಯುತ್ತಿತ್ತು. 1944ರ ಸೆಪ್ಟೆಂಬರ್ 13ರಂದು ದಾಖೌ ಸೆರೆಶಿಬಿರದಲ್ಲಿ ನೂರ್, ದಮೆರ್ಮಾ, ಬೀಕ್‌ಮನ್, ಇನ್ನೊಬ್ಬ ಗೂಢಚಾರಿಣಿ ಎಲಿಯಾನ್ ಪ್ಲ್ಯೂಮನ್ ನಾಲ್ವರನ್ನೂ ಕೊಂದರು. ಕೀಲಿ ಬಳಸಿದ ಮೇಲೆ ಸುಡು, ಕಳಿಸಿದ ಸಂದೇಶದ ಪ್ರತಿ ಇಡಬೇಡ ಎಂಬ ಸೂಚನೆಯನ್ನು ಇವರಿಗೆ ಎಷ್ಟು ಸ್ಪಷ್ಟವಾಗಿ ಕೊಟ್ಟಿದ್ದರು ಎಂಬ ಪ್ರಶ್ನೆಯನ್ನು ತರಬೇತಿ ಕೊಟ್ಟವರಿಗೆ ಕೇಳಬೇಕು, ಸತ್ತವರಿಗಲ್ಲ.

ಸೆಟ್ಟು ಸಿಕ್ಕಿಬಿದ್ದ ಮೇಲೂ ಆಪರೇಟರ್ ಮಾಡಬಹುದಾದ ಕೆಲಸ ಉಳಿದಿರುತ್ತದೆ ಎಂದು ತೋರಿಸಿದವರು ಐಲೀನ್ ನಿಯರ್ನ್. 1944ರ ಜುಲೈನಲ್ಲಿ, ಕಳಿಸಿ ಮುಗಿಸುವಷ್ಟರಲ್ಲಿ ಬಾಗಿಲು ಬಡಿದ ಸದ್ದು. ಸಂದೇಶಗಳನ್ನು ಸುಟ್ಟರು, ಸೆಟ್ಟು ಅಡಗಿಸಿದರು. ಸೆಟ್ಟು ಸಿಕ್ಕಿತು. ತಾನು ಅಂಗಡಿ ಹುಡುಗಿ, ಯಾವನೋ ವ್ಯಾಪಾರಿಗಾಗಿ ಅರ್ಥ ತಿಳಿಯದೆ ಸಂದೇಶ ಕಳಿಸುತ್ತಿದ್ದೆ ಎಂಬ ಪಟ್ಟನ್ನು ಹಿಂಸೆಗೂ ಬಿಡಲಿಲ್ಲ. ರಾವೆನ್ಸ್‌ಬ್ರುಕ್ ಶಿಬಿರ ಕಂಡು ಬದುಕಿ ಬಂದರು.

ಒಟ್ಟಾರೆ ಅಂಕ ಕೊಡುವುದಾದರೆ: ರೇಡಿಯೊ ಆಗಿ ಬಿ2ಗೆ ಐದಕ್ಕೆ ನಾಲ್ಕೂವರೆ. ಗೂಢಚಾರಿಣಿಯ ಸಂಗಾತಿಯಾಗಿ ಎರಡು. ನಡುವಿನ ಎರಡೂವರೆಯನ್ನು ಮೇಲೆ ಹೆಸರಿಸಿದವರು ತಮ್ಮ ನರಗಳಿಂದ ತುಂಬಿಸಿದರು.

ಹಳೆಯ ಸೆಟ್ಟು ಸಂಗ್ರಹಿಸುವ ಹ್ಯಾಮ್ (ಹವ್ಯಾಸಿ ರೇಡಿಯೊ) ಆಸಕ್ತರಿಗೆ ಕೊನೆಯದಾಗಿ ಎರಡು ಮಾತು. ಸಿಕ್ಕ ತಕ್ಷಣ ಪ್ಲಗ್ಗಿಗೆ ಹಾಕಬೇಡಿ. ಎಂಬತ್ತು ವರ್ಷದ ಕಾಗದದ ಕೆಪಾಸಿಟರುಗಳು ಸೋರುತ್ತವೆ, ಅವು ಶಾರ್ಟ್ ಆದರೆ ಟ್ರಾನ್ಸ್‌ಫಾರ್ಮರ್ ಹೋಗುತ್ತದೆ. ಮೊದಲು ಅವನ್ನು ಪರೀಕ್ಷಿಸಿ, ವೋಲ್ಟೇಜನ್ನು ವೇರಿಯಾಕ್ ಎಂಬ ಹೊಂದಿಸಬಲ್ಲ ಟ್ರಾನ್ಸ್‌ಫಾರ್ಮರಿನಿಂದ ನಿಧಾನವಾಗಿ ಏರಿಸಿ. ಟ್ರಾನ್ಸ್‌ಮಿಟರಿಗೆ ಹೋಗುವ ಹೈ ವೋಲ್ಟೇಜ್ ಜೀವ ತೆಗೆಯುವಷ್ಟಿದೆ, ಮುಚ್ಚಳ ತೆರೆದಾಗ ಒಂದು ಕೈ ಜೇಬಿನಲ್ಲಿರಲಿ. ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿ ಇವಾನ್ ಕಾರ್ಮೊ ಅವರ ಉಡುಪಿದೆ, ರಕ್ತದ ಕಲೆಯ ಕೈಚೀಲವೂ ಇದೆ. ಉಡುಪಿನಲ್ಲಿ ಗುಂಡು ಹೊಕ್ಕ ತೂತು ಹಾಗೇ ಇದೆ.